ರಂಜಕವೂ ಹ್ಯಾಂಬರ್ಗ್ ನಗರವೂ

ಜರ್ಮನಿಯ ಉತ್ತರಭಾಗದಲ್ಲಿ ಎಲ್ಬೆ ನದಿಯ ದಡದಲ್ಲಿರುವ ಹ್ಯಾಂಬರ್ಗ್ ಪಟ್ಟಣವು ಹಡಗುಗಳಿಗೂ ವ್ಯಾಪಾರಕ್ಕೂ ಹೆಸರಾದುದು. ಪೈರುಗಳ ಜೀವಾಧಾರಗಳಲ್ಲೊಂದಾದ ರಂಜಕದ ಚರಿತ್ರೆಯಲ್ಲಿಯೂ ಅದಕ್ಕೆ ಅಗ್ರಸ್ಥಾನವು ಸಲ್ಲತಕ್ಕುದು. ಆ ವಸ್ತುವನ್ನು ಮೊದಲು ಬೇರ್ಪಡಿಸಿದುದು ಅಲ್ಲಿಯೇ. ಅದೂ ಅಶುದ್ಧವೆಂದು ಎಲ್ಲರೂ ದೂರವಿಡುವ ಮೂತ್ರದಿಂದ.

1669ನೆಯ ಇಸವಿಯಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು, ಕೀಳು ಲೋಹವನ್ನು ಬಂಗಾರಮಾಡುವ ಸ್ಪರ್ಶಮಣಿಯನ್ನು ಅರಸುತ್ತ, ಮೂತ್ರವನ್ನು ಕುದಿಸಿ ಬತ್ತಿಸಿ, ಉಳಿದ ಗಷ್ಟನ್ನು ತೀವ್ರವಾದ ಉರಿಯಲ್ಲಿ ಕಾಯಿಸಿದನು. ಬಂಗಾರವು ದೊರೆಯಲಿಲ್ಲ, ಕತ್ತಲೆಯಲ್ಲಿ ತಾನಾಗಿ ಬೆಳಗುವ ಮೇಣದಂತಹ ವಸ್ತುವೊಂದು ದೊರೆಯಿತು. ಬೆಳಕನ್ನು ಹೊತ್ತದ್ದು ಎಂಬರ್ಥದ ಗ್ರೀಕ್ ಮಾತಿನಿಂದ ಅದನ್ನು ಫಾಸ್ಫರಸ್ ಎಂದು ಕರೆದರು. ಕನ್ನಡದಲ್ಲಿ ಅದೇ ರಂಜಕ. ರಾಜಸಭೆಗಳಲ್ಲಿ ಅದನ್ನು ಬೆಳಗಿಸಿ ತೋರಿಸಿ ಜನರನ್ನು ಬೆರಗುಗೊಳಿಸಿದರು. ಅದು ಬೆಳೆಗೆ ಆಹಾರವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1842ರ ಮೇ ತಿಂಗಳಿನಲ್ಲಿ ಹ್ಯಾಂಬರ್ಗಿನ ದೊಡ್ಡದೊಂದು ಭಾಗವು ಬೆಂಕಿಗೆ ಆಹುತಿಯಾಯಿತು. ಸಂತ ನಿಕೋಲಾಯ್ ದೇವಾಲಯವೂ ಸುಟ್ಟುಹೋಯಿತು. ಹೊಸ ದೇವಾಲಯಕ್ಕಾಗಿ ತಳಹದಿ ತೋಡುತ್ತಿರಲು, ಹಳೆಯ ಗೊಬ್ಬರದ ರಸವನ್ನು ಬಹುಕಾಲ ಹೀರಿದ್ದ ಮಣ್ಣಿನಲ್ಲಿ ಹರಳುಗಳು ಕಾಣಿಸಿಕೊಂಡವು. 1845ರಲ್ಲಿ ಉಲೆಕ್ಸ್ ಎಂಬ ರಸಾಯನಜ್ಞನು ಅವನ್ನು ಪರೀಕ್ಷಿಸಿ ಸ್ಟ್ರುವೈಟ್ ಎಂದು ಹೆಸರಿಟ್ಟನು. ಮೆಗ್ನೀಸಿಯಂ, ಅಮೋನಿಯ, ರಂಜಕಾಮ್ಲ ಇವು ಕೂಡಿ ಆದ ಹರಳು ಅದು. ಕೊಳಕಿನೊಳಗಣ ಸಾರವನ್ನು ಪ್ರಕೃತಿಯು ತಾನೇ ಬೇರ್ಪಡಿಸಿ ನೆಲದಲ್ಲಿ ಇರಿಸಿದ್ದಿತು.

ಆದರೆ ಪಟ್ಟಣವು ಹಿಡಿದ ದಾರಿಯೇ ಬೇರೆ. ಬೆಂಕಿಯ ಬಳಿಕ ವಿಲಿಯಂ ಲಿಂಡ್ಲಿ ಎಂಬ ಇಂಗ್ಲಿಷ್ ಇಂಜಿನಿಯರನು ನೆಲದಡಿಯಲ್ಲಿ ಚರಂಡಿಗಳನ್ನು ಕಟ್ಟಿಸಿದನು. ಬೀದಿಗಳು ನಿರ್ಮಲವಾದವು, ಕೊಳಚೆಯು ಎಲ್ಬೆಗೆ ಸೇರಿತು. ಪೈರುಗಳು ಖನಿಜಾಂಶಗಳನ್ನು ಮಣ್ಣಿನಿಂದ ಪಡೆಯುತ್ತವೆಂದೂ, ತೆಗೆದುಕೊಂಡುದನ್ನು ಮಣ್ಣಿಗೆ ಹಿಂದಿರುಗಿಸಬೇಕೆಂದೂ ಲೀಬಿಗ್ ಪಂಡಿತನು ಬೋಧಿಸುತ್ತಿದ್ದ ಕಾಲವದು. ಅದೇ ಕಾಲದಲ್ಲಿ ಹ್ಯಾಂಬರ್ಗಿನ ಓಲೆನ್‌ಡಾರ್ಫ್ ಸಹೋದರರು ಗ್ವಾನೋ ಎಂಬ ಹಕ್ಕಿಯ ಹಿಕ್ಕೆಯ ಗೊಬ್ಬರವನ್ನು ದೂರದ ಪೆರು ದೇಶದಿಂದ ತರಿಸಿ ಮಾರಿ ಮಹಾಶ್ರೀಮಂತರಾದರು. ಮನೆಯ ಗೊಬ್ಬರವನ್ನು ಹೊಳೆಗೆ ಬಿಟ್ಟು ಹಕ್ಕಿಯ ಹಿಕ್ಕೆಗಾಗಿ ಕಡಲಾಚೆಗೆ ಹಣ ಕಳುಹಿಸಿದಂತಾಯಿತು.

ಹೊಳೆಗೆ ಬಿಟ್ಟುದು ಹೊಳೆಯಲ್ಲಿಯೇ ನಿಲ್ಲಲಿಲ್ಲ. ಪಟ್ಟಣಿಗರು ಕುಡಿಯುತ್ತಿದ್ದುದೂ ಸೋಸದ ಎಲ್ಬೆಯ ನೀರನ್ನೇ. 1892ರಲ್ಲಿ ಕಾಲರಾ ಬೇನೆಯಿಂದ ಸುಮಾರು 8,600 ಜನರು ಮಡಿದರು. ಮಗ್ಗುಲಲ್ಲಿದ್ದ ಆಲ್ಟೋನಾ ಪಟ್ಟಣವು ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು. 1943ರ ಜುಲೈ ತಿಂಗಳಿನಲ್ಲಿ ಬ್ರಿಟಿಷ್ ವಿಮಾನಗಳು ಆ ಊರಿನ ಮೇಲೆ ಸುರಿಸಿದ ಬೆಂಕಿಗುಂಡುಗಳಲ್ಲಿ ರಂಜಕವೂ ಇದ್ದಿತು. ನಿಕೋಲಾಯ್ ದೇವಾಲಯವು ಮತ್ತೆ ಹಾಳಾಯಿತು. ಅದರ ಗೋಪುರವು ಇಂದಿಗೂ ಸ್ಮಾರಕವಾಗಿ ನಿಂತಿದೆ.

ರಂಜಕವು ಮೂಲಧಾತು, ಅದನ್ನು ಕಾರ್ಖಾನೆಯಲ್ಲಿ ಹೊಸದಾಗಿ ಸೃಷ್ಟಿಸಲಾಗದು. ಅದರ ಕಲ್ಲು ಮೊರಾಕೋ ಮೊದಲಾದ ಕೆಲವೇ ದೇಶಗಳಲ್ಲಿ ಹೇರಳವಾಗಿದೆ. ಜರ್ಮನಿಯಂತೆ ಭಾರತವೂ ಅದಕ್ಕಾಗಿ ಹೊರದೇಶಗಳನ್ನು ನೆಚ್ಚಿದೆ. ಹೀಗಿರಲು, ಪಟ್ಟಣದ ಕೊಳಚೆನೀರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟಿರುವ ಮೂತ್ರದಲ್ಲಿಯೇ ಆ ನೀರಿನ ಸಾರಜನಕದ ಸುಮಾರು ಐದರಲ್ಲಿ ನಾಲ್ಕು ಪಾಲೂ ರಂಜಕದ ಸುಮಾರು ಅರ್ಧವೂ ಇರುವುದೆಂಬುದು ಗಮನಾರ್ಹ. ಬೇರೆಯಾಗಿ ಹಿಡಿದಿಟ್ಟ ಮೂತ್ರಕ್ಕೆ ಮೆಗ್ನೀಸಿಯಂ ಲವಣವನ್ನು ಬೆರೆಸಿದರೆ, ದೇವಾಲಯದ ತಳಹದಿಯಲ್ಲಿ ಕಂಡ ಆ ಸ್ಟ್ರುವೈಟ್ ಹರಳೇ ತಳದಲ್ಲಿ ಕೂಡುತ್ತದೆ. ಅದನ್ನು ಒಣಗಿಸಿ ಹೊಲಕ್ಕೆ ಹಾಕಬಹುದು. ಸಾರಜನಕದ ಬಹುಭಾಗವು ನೀರಿನಲ್ಲಿಯೇ ಉಳಿಯುವುದರಿಂದ ಅದಕ್ಕೆ ಬೇರೆ ಉಪಾಯವು ಬೇಕು.

2017ರಲ್ಲಿ ಜರ್ಮನ್ ಸರ್ಕಾರವು, ಕೊಳಚೆಯನ್ನು ಶುದ್ಧಿಮಾಡುವ ದೊಡ್ಡ ಸ್ಥಾವರಗಳು ಕೆಸರಿನಲ್ಲಿ ಸಾಕಷ್ಟು ರಂಜಕವಿದ್ದರೆ 2029ರಿಂದ ಅದನ್ನು ಮರಳಿ ಪಡೆಯಬೇಕೆಂದು ವಿಧಿಸಿತು. ಹ್ಯಾಂಬರ್ಗಿನಲ್ಲಿಯೂ ಕೆಸರಿನ ಬೂದಿಯಿಂದ ರಂಜಕಾಮ್ಲವನ್ನು ತೆಗೆಯುವ ಕಾರ್ಖಾನೆಯೊಂದನ್ನು ಕಟ್ಟಿದ್ದಾರೆ. ಬ್ರಾಂಡನು ಅರಸಿದ ಬಂಗಾರವು ಅವನಿಗೆ ಸಿಕ್ಕಲಿಲ್ಲ. ಅವನು ಕಂಡ ಬೆಳಕನ್ನು ಅನ್ನವಾಗಿಸುವ ಕೆಲಸವನ್ನು ಆ ಊರು ಮೂರೂವರೆ ಶತಮಾನಗಳ ಮೇಲೆ ಕೈಗೆತ್ತಿಕೊಂಡಿದೆ.