ಸಂಬಳದ ಮಿತಿ ಮತ್ತು ಬೆಂಗಳೂರಿನ ವೃತ್ತಿಪರ ಫುಟ್‌ಬಾಲ್‌

ಒಂದು ಸೀಸನ್ನಿನಲ್ಲಿ ಆಟಗಾರರ ಸಂಬಳಕ್ಕೆಂದು ಕ್ಲಬ್ಬೊಂದು ಖರ್ಚು ಮಾಡಬಹುದಾದ ಒಟ್ಟು ಹಣಕ್ಕೆ ಲೀಗ್‌ ಹಾಕುವ ಕಟ್ಟೇ ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್‌. ಕರ್ನಾಟಕದ ಫುಟ್‌ಬಾಲ್‌ಗೆ ಇದರ ಬಿಸಿ ತಟ್ಟಿದ್ದು 2017ರಲ್ಲಿ, ಬೆಂಗಳೂರು ಎಫ್‌ಸಿ ಇಂಡಿಯನ್‌ ಸೂಪರ್‌ ಲೀಗ್‌ (ಐಎಸ್‌ಎಲ್‌) ಸೇರಿದ ಮೇಲೆ.

ಈ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ 1901ರಲ್ಲೇ ಆಟಗಾರನೊಬ್ಬನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ನಿಯಮ ಬಂತು. 1961ರಲ್ಲಿ ಅದು ರದ್ದಾಗುವ ಹೊತ್ತಿಗೂ ಮಿತಿ 20 ಪೌಂಡ್‌ ಮುಟ್ಟಿತ್ತಷ್ಟೆ. ರದ್ದಾದದ್ದೇ ತಡ, ಫುಲ್ಹಮ್‌ ಕ್ಲಬ್‌ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್‌ ಕೊಟ್ಟಿತು. ಅಮೆರಿಕನ್‌ ಫುಟ್‌ಬಾಲ್‌ ಲೀಗಾದ ಎನ್‌ಎಫ್‌ಎಲ್‌ ಹಿಡಿದ ದಾರಿ ಬೇರೆ. ಅಲ್ಲಿ 1994ರಲ್ಲಿ ಪ್ರತಿ ತಂಡಕ್ಕೆ 3.46 ಕೋಟಿ ಡಾಲರ್‌ ಇದ್ದ ಮಿತಿ 2025ಕ್ಕೆ 27.92 ಕೋಟಿ ಡಾಲರಿಗೆ ಏರಿತು. ಆ ಮಿತಿ ಲೀಗಿನ ಆದಾಯಕ್ಕೆ ಅಂಟಿಕೊಂಡಿದೆ: ಟಿ.ವಿ. ಹಕ್ಕಿನ ಹಣ ಹೆಚ್ಚಿದರೆ ಮಿತಿಯೂ ಮೇಲೇರುತ್ತದೆ, ಕೋವಿಡ್‌ನಿಂದ ಆದಾಯ ಕುಸಿದಾಗ 2021ರಲ್ಲಿ ಇಳಿದೂ ಇತ್ತು. ಜೊತೆಗೆ ಇಷ್ಟಾದರೂ ಸಂಬಳಕ್ಕೆ ಖರ್ಚು ಮಾಡಲೇಬೇಕೆಂಬ ಕನಿಷ್ಠ ಮಟ್ಟವೂ ಅಲ್ಲಿದೆ. ಭಾರತದ ವಿಚಾರಕ್ಕೆ ಬಂದಾಗ ಈ ಎರಡನೆಯ ಅಂಶವೇ ಮುಖ್ಯ.

ಬೆಂಗಳೂರಿಗೆ ಫುಟ್‌ಬಾಲ್‌ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್‌ ತಂಡ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್‌ ಕಪ್‌ ಗೆದ್ದಿತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್‌ ಟ್ರೋಫಿ ಎತ್ತಿತ್ತು. ಆದರೆ ಆಟವನ್ನೇ ನಂಬಿ ಬದುಕಬೇಕೆಂದವರು ಊರು ಬಿಡಬೇಕಿತ್ತು. ಅಹ್ಮದ್‌ ಖಾನ್‌ ಕೋಲ್ಕತ್ತಕ್ಕೆ ಹೋಗಿ ಈಸ್ಟ್‌ ಬೆಂಗಾಲ್‌ನಲ್ಲಿ ‘ಪಂಚಪಾಂಡವ’ರೆಂದು ಹೆಸರಾದ ಮುಂಚೂಣಿಯ ಐವರಲ್ಲಿ ಒಬ್ಬರಾದರು. ಇಲ್ಲೇ ಉಳಿದವರನ್ನು ಸಾಕಿದ್ದು ಎಚ್‌ಎಎಲ್‌, ಐಟಿಐ, ಬಿಇಎಲ್‌ನಂಥ ಕಾರ್ಖಾನೆಗಳು. ಕ್ರೀಡಾ ಕೋಟಾದಲ್ಲಿ ನೌಕರಿ, ಬೆಳಗ್ಗೆ ಪ್ರಾಕ್ಟೀಸ್‌, ಆಮೇಲೆ ಕೆಲಸ, ಕೊನೆಗೆ ಪಿಂಚಣಿ. ಸಂಬಳವನ್ನು ನಿರ್ಧರಿಸುತ್ತಿದ್ದುದು ಗೋಲುಗಳ ಲೆಕ್ಕವಲ್ಲ, ವೇತನಶ್ರೇಣಿ. ಅದು ಎತ್ತರಕ್ಕೆ ಏರಲು ಬಿಡುತ್ತಿರಲಿಲ್ಲ ನಿಜ, ಕೈಬಿಡುತ್ತಲೂ ಇರಲಿಲ್ಲ. ಸಂಬಳದ ಚರ್ಚೆಯಲ್ಲಿ ಇದನ್ನು ಮರೆಯುವುದು ಆ ತಲೆಮಾರಿಗೆ ಮಾಡುವ ಅನ್ಯಾಯ. ವಿದೇಶಿ ಆಟಗಾರರಿಲ್ಲದೆ, ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್‌ ಆಡಿದ ಎಚ್‌ಎಎಲ್‌ 2012ರಲ್ಲಿ ಕೆಳ ಹಂತಕ್ಕೆ ಜಾರಿತು.

ಮರುವರ್ಷವೇ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಮೊದಲ ಸೀಸನ್ನಿನಲ್ಲೇ ಐ-ಲೀಗ್‌ ಕಿರೀಟ ಬಂತು, 2015-16ರಲ್ಲಿ ಮತ್ತೊಮ್ಮೆ. ಈ ನಡುವೆ, ಬೆಂಗಳೂರು ಎಫ್‌ಸಿ ಇನ್ನೂ ಸೇರದಿದ್ದ ಐಎಸ್‌ಎಲ್‌ 2015ರ ಜುಲೈನಲ್ಲಿ ನಡೆಸಿದ ಹರಾಜಿನಲ್ಲಿ ಆ ತಂಡದ ನಾಯಕ ಸುನಿಲ್‌ ಚೆಟ್ರಿಗೆ ಮುಂಬೈ ಸಿಟಿ 1.2 ಕೋಟಿ ರೂಪಾಯಿ ಕೊಟ್ಟಿತು. ಅದೇ ತಂಡದ ಯೂಜಿನ್ಸನ್‌ ಲಿಂಗ್ಡೋಗೆ ಪುಣೆ ಸಿಟಿ 1.05 ಕೋಟಿ ಕೊಟ್ಟಿತು. ಅಂದು ಕೋಟಿ ದಾಟಿದ ಈ ಇಬ್ಬರೂ ಬೆಂಗಳೂರು ಎಫ್‌ಸಿಯವರೇ.

ಬೆಂಗಳೂರು ಎಫ್‌ಸಿ 2017-18ರಲ್ಲಿ ಐಎಸ್‌ಎಲ್‌ಗೆ ಬಂದಾಗ ಅಂಕಪಟ್ಟಿಯ ಅಗ್ರಸ್ಥಾನ ಪಡೆದರೂ ಕಂಠೀರವ ಕ್ರೀಡಾಂಗಣದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಮರುವರ್ಷ ರಾಹುಲ್‌ ಭೇಕೆ ಹೆಡ್‌ ಮಾಡಿದ ಗೋಲಿನಿಂದ ಗೋವಾವನ್ನು ಮಣಿಸಿ ಚಾಂಪಿಯನ್‌ ಆಯಿತು. ಮುಂದೆ ಹಲವು ಸೀಸನ್‌ ಲೀಗಿನ ಸಂಬಳದ ಮಿತಿ 16.5 ಕೋಟಿಯಲ್ಲೇ ನಿಂತಿತ್ತು. 2024-25ಕ್ಕೆ ಅದನ್ನು 18 ಕೋಟಿಗೆ ಏರಿಸಲಾಯಿತು.

ಒಂದೂವರೆ ಕೋಟಿ ಎಂದರೆ ಸುಮಾರು ಶೇ 9ರ ಏರಿಕೆ. ಇಪ್ಪತ್ತೈದು ಆಟಗಾರರಿಗೆ ಸಮನಾಗಿ ಹಂಚಿದರೆ ತಲಾ 6 ಲಕ್ಷ ರೂಪಾಯಿ ಸಿಗಬೇಕು. ವ್ಯವಹಾರದಲ್ಲಿ ಹಾಗೆ ಆಗುವುದಿಲ್ಲ. ಮಿತಿ ಏರಿದ ಮಾತ್ರಕ್ಕೆ ಒಳ್ಳೆಯ ಸೆಂಟರ್‌ ಬ್ಯಾಕ್‌ಗಳ ಸಂಖ್ಯೆ ಏರುವುದಿಲ್ಲ. ಇರುವ ಕೆಲವರಿಗಾಗಿಯೇ ಎಲ್ಲ ಕ್ಲಬ್‌ಗಳೂ ಪೈಪೋಟಿಗೆ ಬೀಳುತ್ತವೆ. ಹೆಚ್ಚುವರಿ ಹಣ ರಾಷ್ಟ್ರೀಯ ತಂಡದ ಕೆಲವರ ಮತ್ತು ವಿದೇಶಿಯರ ಒಪ್ಪಂದಗಳಲ್ಲೇ ಮುಗಿಯುತ್ತದೆ. ಐಪಿಎಲ್‌ನಲ್ಲೂ ಇದನ್ನೇ ಕಂಡೆವು: ತಂಡಗಳ ಮೊತ್ತ 100ರಿಂದ 120 ಕೋಟಿಗೆ ಏರಿದ ಹರಾಜಿನಲ್ಲೇ ರಿಷಭ್‌ ಪಂತ್‌ 27 ಕೋಟಿಯ ದಾಖಲೆ ಬೆಲೆಗೆ ಹೋದರು. ಮಿತಿಯ ತುದಿಯವರೆಗೆ ಖರ್ಚು ಮಾಡಲಾಗದ ಕ್ಲಬ್‌ಗಳಿಗೆ ಇಂಥ ಏರಿಕೆಯಿಂದ ಆಗುವುದು ನಷ್ಟವೇ. ಅವುಗಳ ಕೈಯಲ್ಲಿರುವ ಹಣ ಅಷ್ಟೇ, ಮಾರುಕಟ್ಟೆಯ ದರ ಮಾತ್ರ ಹೆಚ್ಚಾಗಿರುತ್ತದೆ.

ಬೆಂಗಳೂರು ಖರ್ಚು ಮಾಡಬಲ್ಲ ಕ್ಲಬ್‌. 2023-24ರಲ್ಲಿ 12 ತಂಡಗಳಲ್ಲಿ ಹತ್ತನೆಯದಾಗಿದ್ದ ಅದು ಮರುವರ್ಷ ಮುಂಬೈ ಸಿಟಿಯಿಂದ ಪೆರೇರಾ ಡಿಯಾಸ್‌, ನೊಗೇರಾ ಮತ್ತು ಭೇಕೆಯನ್ನು ಕರೆತಂದಿತು. ಆದರೂ ಆ ಸೀಸನ್ನಿನ ಮೊದಲ ಪಂದ್ಯವನ್ನು, 2024ರ ಸೆಪ್ಟೆಂಬರ್‌ 14ರಂದು ಕಂಠೀರವದಲ್ಲಿ, ಈಸ್ಟ್‌ ಬೆಂಗಾಲ್‌ ವಿರುದ್ಧ 1-0ಯಿಂದ ಗೆದ್ದುಕೊಟ್ಟದ್ದು ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ವಿನಿತ್‌ ವೆಂಕಟೇಶ್‌. ನಲವತ್ತರ ಚೆಟ್ರಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಅಂಕಪಟ್ಟಿಯಲ್ಲಿ ಮೂರನೆಯದಾದ ತಂಡ 2025ರ ಏಪ್ರಿಲ್‌ 12ರ ಫೈನಲ್‌ವರೆಗೆ ಹೋಗಿ ಮೋಹನ್‌ ಬಾಗನ್‌ಗೆ 2-1ರಿಂದ ಸೋತಿತು. ಇದೆಲ್ಲ ಮಿತಿ ಏರಿದ್ದರ ಫಲ ಎನ್ನಲಾಗದು. ಅಕಾಡೆಮಿಯ ಪಾಲನ್ನು ಯಾವ ಮಿತಿಯೂ ಅಳೆಯುವುದಿಲ್ಲ.

ಕೆಳಗಿನ ಹಂತಗಳಿಗೆ ಈ ಹಣ ಇಳಿದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಐಎಸ್‌ಎಲ್‌ ತಂಡವಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹುಡುಗನಿಗೆ ಫುಟ್‌ಬಾಲ್‌ ಬದುಕಾಗಬೇಕಾದರೆ ನಗರದ ಕ್ಲಬ್‌ಗಳ ಟ್ರಯಲ್ಸ್‌, ಜಿಲ್ಲಾ ಸಂಸ್ಥೆಯ ಲೀಗ್‌, ಸೂಪರ್‌ ಡಿವಿಷನ್‌ ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ರಾಜ್ಯಕ್ಕೆ ಸಂತೋಷ್‌ ಟ್ರೋಫಿ ತಂದವರು ಇಂಥ ಮೆಟ್ಟಿಲುಗಳಿಂದಲೇ ಬಂದವರು. ಐಎಸ್‌ಎಲ್‌ ಮಿತಿ 16.5 ಕೋಟಿಯಾದರೂ 18 ಕೋಟಿಯಾದರೂ ಅವರ ಸಂಬಳ ಆ ಲೆಕ್ಕಕ್ಕೆ ಸೇರುವುದಿಲ್ಲ.

ಮಿತಿ ಏರಿಸಿದ ವರ್ಷ ಕಳೆಯುವಷ್ಟರಲ್ಲಿ ಲೀಗೇ ನಿಂತಿತು. ರಾಷ್ಟ್ರೀಯ ಫೆಡರೇಷನ್‌ ಮತ್ತು ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದದ ನವೀಕರಣ ಇತ್ಯರ್ಥವಾಗದೆ, 2025ರ ಜುಲೈನಲ್ಲಿ ಮುಂದಿನ ಸೀಸನ್ನನ್ನು ತಡೆಹಿಡಿಯಲಾಯಿತು. ಆಗಸ್ಟ್‌ ಆರಂಭದಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಫೈನಲ್‌ ಆಡಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅಮೆರಿಕದ ಲೀಗಿನಲ್ಲಿ ಗರಿಷ್ಠದ ಪಕ್ಕದಲ್ಲೇ ಕನಿಷ್ಠವನ್ನೂ ಬರೆದಿಟ್ಟಿರುವುದು, ಮಿತಿಯನ್ನು ಆದಾಯಕ್ಕೆ ಕಟ್ಟಿರುವುದು ಏಕೆಂದು ಈ ಪ್ರಸಂಗದಿಂದ ಅರ್ಥವಾಗುತ್ತದೆ. ಲೀಗಿನ ಮುಂದಿನ ಒಪ್ಪಂದದಲ್ಲಿ 18 ಕೋಟಿ ಎಷ್ಟಕ್ಕೆ ಏರಬೇಕು ಎಂಬುದಕ್ಕಿಂತ ಮೊದಲು ಆಟಗಾರರ ಕನಿಷ್ಠ ಪಾಲು ಎಷ್ಟು, ಲೀಗ್‌ ನಿಂತರೆ ಅದನ್ನು ಕೊಡುವವರು ಯಾರು ಎಂಬುದು ತೀರ್ಮಾನವಾಗಬೇಕು.