ಕೇಳುವವರ ಸತ್ಯ: ಬತ್ತಲಗುಂಡಿನ ಕಾದಂಬರಿಕಾರನೊಬ್ಬ ಎತ್ತಿದ ಪ್ರಶ್ನೆ

ಸತ್ಯವನ್ನು ಕುರಿತ ನೀತಿಚಿಂತನೆ ಬಹುಮಟ್ಟಿಗೆ ಆಡುವವನ ನಾಲಗೆಯನ್ನೇ ಕಾಯುತ್ತ ಬಂದಿದೆ. ಮನೆಬಾಗಿಲಿಗೆ ಬಂದ ಕೊಲೆಗಡುಕನಿಗೂ ಸುಳ್ಳು ಹೇಳಕೂಡದೆಂದು ಕಾಂಟ್ 1797ರಲ್ಲಿ ವಾದಿಸಿದ. ಮಹಾಭಾರತದ ಕರ್ಣಪರ್ವದಲ್ಲಿ ಬರುವ ಕೌಶಿಕ ಹಾಗೆಯೇ ನಡೆದುಕೊಂಡು, ಅಡಗಿದ್ದವರ ಸುಳಿವನ್ನು ದರೋಡೆಕೋರರಿಗೆ ಕೊಟ್ಟು ನರಕಕ್ಕೆ ಹೋದ. ತಿರುಕ್ಕುರಳಿನ 30ನೆಯ ಅಧಿಕಾರವಂತೂ ಯಾರಿಗೂ ಕೇಡು ತಾರದ ಮಾತೇ ಸತ್ಯ ಎನ್ನುತ್ತದೆ. ಒಂದಕ್ಕೊಂದು ಒಪ್ಪದ ಈ ಮೂರೂ ನಿಲುವುಗಳಲ್ಲಿ ಪರೀಕ್ಷೆಗೆ ಒಳಗಾಗುವವನು ಆಡುವವನೇ. ಕೇಳಿ ನಂಬುವವನ ಹೊಣೆ ಏನು?

ಈ ಪ್ರಶ್ನೆಗೆ ಕಥೆಯ ರೂಪ ಕೊಟ್ಟವರು ಕೊಡೈಕಾನಲ್ ಬೆಟ್ಟದ ತಪ್ಪಲಿನ ಬತ್ತಲಗುಂಡಿನಲ್ಲಿ 1872ರಲ್ಲಿ ಹುಟ್ಟಿದ ಬಿ. ಆರ್. ರಾಜಂ ಅಯ್ಯರ್. ‘ಪ್ರಬುದ್ಧ ಭಾರತ’ದ ಮೊದಲ ಸಂಪಾದಕರಾಗಿ ವೇದಾಂತ ಬರೆದು 1898ರಲ್ಲಿ, ಇಪ್ಪತ್ತಾರರ ಹರೆಯದಲ್ಲೇ ತೀರಿಕೊಂಡರು. 1893ರಿಂದ ‘ವಿವೇಕಚಿಂತಾಮಣಿ’ಯಲ್ಲಿ ಧಾರಾವಾಹಿಯಾಗಿ ಬಂದ ಅವರ ತಮಿಳು ಕಾದಂಬರಿಯನ್ನು ಇಂದು ಎಲ್ಲರೂ ‘ಕಮಲಾಂಬಾಳ್ ಚರಿತ್ರಂ’ ಎಂದೇ ಕರೆಯುತ್ತಾರೆ. ಆದರೆ ಅಪಾಯಕ್ಕೆ ಎಡೆಯಾಗುವ ಅಪವಾದ ಎಂಬರ್ಥದ ಇನ್ನೊಂದು ಶೀರ್ಷಿಕೆಯೂ ಅದಕ್ಕಿತ್ತು. ನನ್ನ ಮಟ್ಟಿಗೆ ಕೃತಿಯ ತಿರುಳು ಅಲ್ಲಿದೆ.

ಕಾದಂಬರಿಯ ಸಿರುಕುಳಂ ಎಂಬ ಹಳ್ಳಿಯ ಹರಟೆಯಲ್ಲಿ ಪಾಪ ಯಾರದೆಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಒಬ್ಬೊಬ್ಬರೂ ಕೇಳಿದ್ದಕ್ಕೆ ಚೂರು ಉಪ್ಪುಖಾರ ಸೇರಿಸಿ ದಾಟಿಸುತ್ತಾರೆ, ಅಷ್ಟೇ. ಕಮಲಾಂಬಾಳ್‌ಳ ಗಂಡ ಮುತ್ತುಸ್ವಾಮಿ ಅಯ್ಯರ್ ಅಪವಾದವನ್ನು ಹುಟ್ಟಿಸಿದವನಲ್ಲ, ಹರಡಿದವನೂ ಅಲ್ಲ. ಅವನು ಮಾಡಿದ್ದು ನಂಬಿದ್ದು ಮಾತ್ರ. ಆ ನಂಬಿಕೆಯಿಂದಲೇ ಹೆಂಡತಿಯನ್ನು ಶಂಕಿಸಿ ಸಂಸಾರ ತೊರೆದು ಹೋಗುತ್ತಾನೆ. ಆಡುವವನ ಅಳತೆಗೋಲಿನಲ್ಲಿ ಅಳೆದರೆ ಅವನು ನಿರ್ದೋಷಿ. ಆದರೆ ಕಮಲಾಂಬಾಳ್‌ಗೆ ಎಲ್ಲರಿಗಿಂತ ಹೆಚ್ಚು ಅನ್ಯಾಯ ಮಾಡಿದವನು ಅವನೇ ಅಲ್ಲವೆ?

ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ಉತ್ತರ ಕೊಟ್ಟಿದ್ದ: ಸಾಕ್ಷ್ಯ ಸಾಲದೆ ನಂಬುವುದು ಎಂದಿಗೂ ತಪ್ಪೇ. ಹಡಗು ಗಟ್ಟಿಯಾಗಿದೆಯೆಂದು ತನ್ನನ್ನು ತಾನೇ ಒಪ್ಪಿಸಿಕೊಂಡ ಮಾಲೀಕ, ಹಡಗು ಮುಳುಗದೆ ದಡ ಸೇರಿದ್ದರೂ ಅಪರಾಧಿಯೇ. ಈ ಸೂತ್ರ ಮುತ್ತುಸ್ವಾಮಿಗೆ ಒಪ್ಪುತ್ತದೆ. ಕನ್ನಡದ ಗೋವಿನ ಹಾಡಿನ ಹುಲಿಗೆ ಒಪ್ಪುವುದಿಲ್ಲ. ಪುಣ್ಯಕೋಟಿಯನ್ನು ನಾವು ಕೊಂಡಾಡುವುದು ಕೊಟ್ಟ ಮಾತಿಗೆ ಮರಳಿ ಬಂದಳೆಂದು. ಆದರೆ ಹುಲಿ ಅವಳನ್ನು ಬಿಡದಿದ್ದರೆ ಆ ಸತ್ಯಕ್ಕೆ ಪ್ರಕಟವಾಗಲು ದಾರಿಯೇ ಇರುತ್ತಿರಲಿಲ್ಲ. ಹಸಿದ ಹುಲಿ ಯಾವ ಸಾಕ್ಷಿಯೂ ಇಲ್ಲದೆ ನಂಬಿತು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಎರಡು ನಂಬಿಕೆಗಳಿಗೂ ಇರುವ ಅಂತರ ಸಾಕ್ಷ್ಯದ ತೂಕದ್ದಲ್ಲ, ನಷ್ಟ ಯಾರ ಪಾಲಿಗೆ ಎಂಬುದರದ್ದು. ಹುಲಿ ಪಣಕ್ಕಿಟ್ಟದ್ದು ತನ್ನ ಊಟ. ಮುತ್ತುಸ್ವಾಮಿ ಪಣಕ್ಕಿಟ್ಟದ್ದು ಇನ್ನೊಬ್ಬಳ ಮಾನ. ತನ್ನ ನಷ್ಟಕ್ಕೆ ಒಡ್ಡಿಕೊಂಡು ನಂಬುವುದಕ್ಕೆ ಔದಾರ್ಯ ಎನ್ನಬಹುದು. ಬೇರೆಯವರ ಮಾನ ಅಡವಿಟ್ಟು ನಂಬುವವನಿಂದ ಮಾತ್ರ ಕ್ಲಿಫರ್ಡ್ ಕೇಳುವ ಸಾಕ್ಷ್ಯವನ್ನು ಕಡ್ಡಾಯವಾಗಿ ಕೇಳಬೇಕು.

ಕಾನೂನು ಇಷ್ಟು ದೂರ ಬರುವುದಿಲ್ಲ. 2024ರವರೆಗೆ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ 499ನೆಯ ಕಲಮಿನ ಮೊದಲ ವಿನಾಯಿತಿಯಂತೆ, ಮಾನಹಾನಿಯ ಮಾತು ನಿಜವಾಗಿದ್ದರಷ್ಟೇ ಸಾಲುತ್ತಿರಲಿಲ್ಲ, ಸಾರ್ವಜನಿಕ ಹಿತಕ್ಕಾಗಿಯೂ ಆಡಿರಬೇಕಿತ್ತು. ಇದು ಕುರಳಿಗೆ ಹತ್ತಿರದ ನಿಲುವು. 124-ಎ ಕಲಮಿನ ರಾಜದ್ರೋಹಕ್ಕಾದರೋ ಆಡಿದ್ದು ನಿಜ ಎಂಬ ಸಮರ್ಥನೆ ನಡೆಯುತ್ತಿರಲಿಲ್ಲ. ಬತ್ತಲಗುಂಡಿನವರೇ ಆದ ಸುಬ್ರಹ್ಮಣ್ಯ ಶಿವ 1908ರಲ್ಲಿ ಭಾಷಣಗಳಿಗಾಗಿ ಜೈಲಿಗೆ ಹೋದದ್ದು ಅದೇ ಆರೋಪದ ಮೇಲೆ. ಎರಡೂ ಕಲಮುಗಳು ಹಿಡಿಯುತ್ತಿದ್ದುದು ಆಡಿದವರನ್ನು. ಸಿರುಕುಳಂನ ಹರಟೆಯವರ ಮೇಲೆ ಕಮಲಾಂಬಾಳ್ ದಾವೆ ಹೂಡಬಹುದಿತ್ತು, ನಂಬಿದ ಗಂಡನ ಮೇಲೆ ಅಲ್ಲ.

ಕಾದಂಬರಿ ಕೂಡ ಅವನನ್ನು ಆ ಕಟಕಟೆಗೆ ತರುವುದಿಲ್ಲವೆಂಬುದು ನನ್ನ ತಕರಾರು. ಅವನಿಗೆ ಗುರು ಸಿಗುತ್ತಾನೆ, ದುಃಖ ಮಾಯೆಯೆಂದು ತಿಳಿಯುತ್ತದೆ, ದಂಪತಿ ಮತ್ತೆ ಒಂದಾಗುತ್ತಾರೆ. ವೇದಾಂತಿ ರಾಜಂ ಅಯ್ಯರ್ ಅವನ ಸಂಕಟಕ್ಕೆ ಔಷಧ ಕೊಟ್ಟರು; ಹೆಂಡತಿಗೆ ಅವನು ಕೊಡಬೇಕಿದ್ದ ಲೆಕ್ಕವನ್ನು ಕೇಳಲಿಲ್ಲ.