ಹಾಡುಗಾರನೊಬ್ಬ ಸೂತ್ರಧಾರನಾದ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ಸೀಮೆಯಲ್ಲಿ ತಾವು ಯಾವ ಹಳ್ಳಿಯವರೇ ಆಗಿರಲಿ, ಸುಗ್ಗಿ ಕಳೆದ ಮೇಲೆ ಗುಡಿಯ ಮುಂದಿನ ಚಪ್ಪರದಲ್ಲಿ ‘ಕುರುಕ್ಷೇತ್ರ’ವನ್ನು ನೋಡಿಯೇ ಇರುವಿರಿ. ಆ ಒಂದು ರಾತ್ರಿಯ ಹಿಂದೆ ತಿಂಗಳುಗಟ್ಟಲೆ ಅಭ್ಯಾಸವುಂಟು. ಅಭ್ಯಾಸದ ಹಿಂದೆ ಹಾರ್ಮೋನಿಯಂ ಮೇಷ್ಟ್ರು ಉಂಟು. ಉಳುವ ರೈತನಿಗೆ ಶ್ರುತಿ ಹಿಡಿಸಿ ಕಂದಪದ್ಯ ಹೇಳಿಸುವವನೂ ಆತನೇ, ಭೀಮನು ಗದೆಯನ್ನು ಯಾವ ಹೆಗಲಿಗೆ ಏರಿಸಬೇಕೆಂದು ತೋರಿಸಿಕೊಡುವವನೂ ಆತನೇ. ಜರ್ಮನಿಯಲ್ಲಿ ಆಪೆರಾ ಎಂಬ ಗೇಯನಾಟಕಗಳಲ್ಲಿ ಹಾಡಿ ಹೆಸರಾದ ಗಾಯಕರು ಮುಂದೆ ರಂಗನಿರ್ದೇಶಕರೂ ಆದರೆಂದು ಓದಿ ನಾವು ಬೆರಗಾಗುತ್ತೇವೆ. ನಮ್ಮ ಮೇಷ್ಟ್ರಿಗೆ ಅದು ನಿತ್ಯದ ಕೆಲಸ!

ಈ ಎರಡು ವಿದ್ಯೆಗಳನ್ನೂ ಒಟ್ಟಿಗೆ ಹೊತ್ತು ಭಾರತವನ್ನೆಲ್ಲ ಸುತ್ತಿದ ಕನ್ನಡಿಗರೊಬ್ಬರ ಚರಿತ್ರೆಯನ್ನು ತಮ್ಮ ಮುಂದಿಡುತ್ತೇನೆ. ಅವರು ಬಾಬುಕೋಡಿ ವೆಂಕಟರಮಣ ಕಾರಂತರು. 1929ರಲ್ಲಿ ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದವರು. ಮೂರನೆಯ ತರಗತಿಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ ಹುಡುಗ, ಕೆಲವು ವರ್ಷಗಳಲ್ಲಿಯೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದನು. ಆ ಕಾಲದಲ್ಲಿ ಕಂಪನಿಯೇ ಒಂದು ಗುರುಕುಲ. ಅಲ್ಲಿ ನಟನಾಗಬೇಕಾದರೆ ಮೊದಲು ಕಂಠ ಬೇಕು. ಹಾಡು ಹಿಡಿಸಿದರೆ ಸಭಿಕರು ‘ಒನ್ಸ್ ಮೋರ್’ ಎಂದು ಕೂಗುವರು, ಸತ್ತುಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುವುದು.

ವೀರಣ್ಣನವರ ದೊಡ್ಡತನವನ್ನು ಇಲ್ಲಿ ನೆನೆಯಬೇಕು. ಹುಡುಗನನ್ನು ತಮ್ಮ ಕಂಪನಿಯಲ್ಲಿಯೇ ಕಟ್ಟಿಹಾಕಿಕೊಳ್ಳದೆ, ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ.; ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ. ಠಾಕೂರರ ಶಿಷ್ಯನಾದವನು ತಂಬೂರಿ ಹಿಡಿದು ಕಚೇರಿಗಳಲ್ಲಿ ಬಾಳು ಕಳೆಯಬಹುದಾಗಿತ್ತು. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಲಿತು 1962ರಲ್ಲಿ ಹೊರಬಂದರು.

ಇತ್ತ ಕನ್ನಡ ನಾಡಿನಲ್ಲಿ ಏನಾಗಿತ್ತು? ಇಂಗ್ಲಿಷ್ ಓದಿದ ವಿಲಾಸಿಗಳು ಕಂಪನಿ ನಾಟಕದ ಆಡಂಬರಕ್ಕೆ ಬೇಸತ್ತು, ಅದರ ಹಾಡನ್ನೂ ಹೊರಗಟ್ಟಿದ್ದರು. ಕುರ್ಚಿ, ಮೇಜು, ಮಾತು—ನಾಟಕವೆಂದರೆ ಇಷ್ಟೇ ಎಂಬಂತಾಗಿತ್ತು. ಕೈಲಾಸಂ ಅವರ ಮಾತಿನ ಮುಂದೆ ಹಾಡು ಬೇಕಿರಲಿಲ್ಲವೆಂದು ತಾವು ಹೇಳುವಿರಿ, ಒಪ್ಪಿದೆ. ಆದರೆ ಎಲ್ಲರೂ ಕೈಲಾಸಂ ಅಲ್ಲವಷ್ಟೆ.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಭಾಗದ ಬಯಲಿನಲ್ಲಿ ಕಾರಂತರು ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’. ಹೊರಗಟ್ಟಿದ ಹಾಡು ಅಂದು ಹಿಂದಿರುಗಿತು; ಹಿಂದಿರುಗುವಾಗ ಅದರ ನಡೆ ಬದಲಾಗಿತ್ತು. ನಟನ ಕಂಠಸಿರಿಯನ್ನು ಮೆರೆಸುವ ಹಾಡು ಅದಲ್ಲ, ಕಥೆಯ ಗಾಲಿಗೆ ಎಣ್ಣೆಯಂತಹುದು. ಶ್ರೀರಂಗರ ‘ಸತ್ತವರ ನೆರಳು’ವನ್ನೇ ತೆಗೆದುಕೊಳ್ಳಿರಿ. ಮಠದ ಪೀಠಕ್ಕಾಗಿ ನಡೆಯುವ ಹುನ್ನಾರದ ನಡುವೆ ಕಾರಂತರು ಪುರಂದರದಾಸರ ಪದಗಳನ್ನು ಮೇಳದಿಂದ ಹಾಡಿಸಿದರು. ಭಜನೆಯಲ್ಲಿ ಕೈಮುಗಿದು ಕೇಳುವ ಪದವೇ ಅಲ್ಲಿ ಚಾಟಿಯಾಗುತ್ತದೆ. ಒಂದಕ್ಷರವನ್ನೂ ಬದಲಿಸದೆ, ಇಡುವ ಜಾಗದಿಂದಲೇ ಅರ್ಥವನ್ನು ತಿರುಗಿಸುವುದು! ವ್ಯಂಗ್ಯಾರ್ಥ, ಧ್ವನಿ ಎಂದು ತರಗತಿಯಲ್ಲಿ ಗಂಟಲು ಒಣಗಿಸಿಕೊಳ್ಳುವ ನನ್ನಂತಹ ಪಂಡಿತರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಚಲನಚಿತ್ರದ ವಿಚಾರ ಎಲ್ಲರೂ ಬಲ್ಲುದು. ‘ಚೋಮನ ದುಡಿ’ಗೆ (1975) ಸ್ವರ್ಣಕಮಲ, ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ. 1977ರಿಂದ 1981ರವರೆಗೆ ತಾವು ಕಲಿತ ಶಾಲೆಗೇ ನಿರ್ದೇಶಕರಾಗಿದ್ದರು. ಅಲ್ಲಿದ್ದಾಗ, 1979ರಲ್ಲಿ, ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ‘ಬರ್ನಮ್ ವನ’ ಎಂಬ ಹೆಸರಿನಿಂದ ಹಿಂದಿಯಲ್ಲಿ ರಂಗವೇರಿತು. ಅದಕ್ಕೆ ತೊಡಿಸಿದ್ದು ಯಕ್ಷಗಾನದ ಹೆಜ್ಜೆ. ಕರಾವಳಿಯ ಹುಡುಗ ಬಾಲ್ಯದಲ್ಲಿ ಕೇಳಿದ ಚೆಂಡೆ ದೆಹಲಿಯಲ್ಲಿ ಸ್ಕಾಟ್ಲೆಂಡಿನ ದೊರೆಯನ್ನು ಕುಣಿಸಿತು. ಮುಂದೆ ಭೋಪಾಲದ ರಂಗಮಂಡಲ. 1989ರಲ್ಲಿ ಮೈಸೂರಿನ ರಂಗಾಯಣ. ಪು.ತಿ.ನ. ಅವರ ಗೇಯನಾಟಕ ‘ಗೋಕುಲ ನಿರ್ಗಮನ’ವನ್ನೂ ಅವರು ರಂಗಕ್ಕೆ ತಂದರು. ಜರ್ಮನರ ಆಪೆರಾಕ್ಕೆ ನಮ್ಮಲ್ಲಿ ಸಮೀಪದ ಬಂಧುವೆಂದರೆ ಅದೇ.

ಒಂದು ಮಾತನ್ನು ನಮ್ಮ ಸೀಮೆಯವರಿಗೆಂದೇ ಹೇಳಬೇಕಾಗಿದೆ. ನಮ್ಮ ಊರುಗಳಲ್ಲಿ ಹಾಡನ್ನು ಯಾರೂ ಎಂದಿಗೂ ಹೊರಗಟ್ಟಲಿಲ್ಲ. ನಮ್ಮ ತೊಂದರೆ ಬೇರೆ. ಪಾತ್ರಕ್ಕೆ ಇಷ್ಟೆಂದು ಹಣ ಕೊಟ್ಟ ದುರ್ಯೋಧನನು ತನ್ನ ಪಾಲಿನ ಹಾಡುಗಳನ್ನೆಲ್ಲ ಹಾಡಿಯೇ ತೀರುವನು. ಯುದ್ಧವು ಕಾದುಕೊಂಡು ನಿಂತಿರುವುದು. ಬೆಳಗಿನ ಜಾವದ ವೇಳೆಗೆ ಮೇಷ್ಟ್ರು ಸೂತ್ರಧಾರತ್ವವನ್ನು ಕೈಬಿಟ್ಟು ಬರಿಯ ಪಕ್ಕವಾದ್ಯದವನಾಗಿರುತ್ತಾನೆ. ಹಾಡು ಎಲ್ಲಿ ನಿಲ್ಲಬೇಕೆಂದು ಹೇಳುವ ಅಧಿಕಾರ ಆತನಿಗೆ ಇಲ್ಲವಾಗಿದೆ. ಕಾರಂತರೂ ‘ಒನ್ಸ್ ಮೋರ್’ಗಳ ನಡುವೆಯೇ ಬೆಳೆದವರು, ಆ ಅಧಿಕಾರವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

2002ರ ಸೆಪ್ಟೆಂಬರ್ 1ರಂದು ಕಾರಂತರು ಬೆಂಗಳೂರಿನಲ್ಲಿ ತೀರಿಕೊಂಡರು. ವೈದೇಹಿಯವರು ಅವರ ಬಾಯಿಂದ ಕೇಳಿ ಬರೆದುಕೊಂಡ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ನಮಗುಳಿದಿದೆ. ಅವರು ಕಟ್ಟಿದ ಬೆನಕ ತಂಡದವರು ‘ಸತ್ತವರ ನೆರಳು’ವನ್ನು ಅವರ ತರುವಾಯವೂ ಆಡಿದ್ದಾರೆ. ಮತ್ತೊಮ್ಮೆ ಆಡುವ ಸುದ್ದಿ ಕಿವಿಗೆ ಬಿದ್ದರೆ, ತಮ್ಮೂರಿನ ಹಾರ್ಮೋನಿಯಂ ಮೇಷ್ಟ್ರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಬಸ್ಸಿನ ಖರ್ಚು ತಮ್ಮದೇ ಇರಲಿ.